ಕಾಣದ ಗಾಯವೂ ಮನೆಯವರ ಆರೈಕೆಯೂ

ನಮ್ಮ ಪಾಠಶಾಲೆಯ ಈ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಕೇಳಿಕೊಂಡಾಗ, ಶಾಲೆಯ ಕಟ್ಟಡ, ಪರೀಕ್ಷೆಗಳ ಫಲಿತಾಂಶ, ಆಟಪಾಟಗಳು ಇವೇ ಮೊದಲಾದ ವಿಷಯಗಳನ್ನು ಕುರಿತು ನಾವು ಬರೆಯುವೆವೆಂದು ಅವರು ಎಣಿಸಿದ್ದರೋ ಏನೋ. ಅವೆಲ್ಲವೂ ವಾರ್ಷಿಕ ವರದಿಯಲ್ಲಿ ಬರತಕ್ಕವುಗಳು. ಶಾಲೆಯನ್ನು ಬಿಟ್ಟುಹೋದ ನಮ್ಮ ಹೆಣ್ಣುಮಕ್ಕಳಲ್ಲಿ ಕೆಲವರಿಗೆ ಒದಗಿದ, ಯಾವ ಪಠ್ಯಪುಸ್ತಕದಲ್ಲಿಯೂ ನಾವು ಅವರಿಗೆ ಕಲಿಸದೆ ಇದ್ದ ಒಂದು ಕಷ್ಟದ ವಿಷಯವಾಗಿ ಈ ಸಾರಿ ನಾಲ್ಕು ಮಾತುಗಳನ್ನು ಬರೆಯಲು ನಿಶ್ಚಯಿಸಿದ್ದೇವೆ. ಯುದ್ಧದಲ್ಲಿಯೋ ಗಡಿಯ ಕಾವಲಿನಲ್ಲಿಯೋ ತಲೆಗೆ ಪೆಟ್ಟು ತಗಲಿ ಮನೆಗೆ ಹಿಂದಿರುಗಿದ ಸೈನಿಕನನ್ನು ಮನೆಯವರು ನೋಡಿಕೊಳ್ಳಬೇಕಾದ ಕ್ರಮವೇ ಆ ವಿಷಯ.

ಇದು ಹೆಣ್ಣುಮಕ್ಕಳ ಶಾಲೆಗೆ ಸಂಬಂಧಪಡದ ಸಂಗತಿಯೆಂದು ಯಾರೂ ತಿಳಿಯಬಾರದು. ಕೊಡಗು, ಹಾಸನ, ಬೆಳಗಾವಿ ಮುಂತಾದ ಸೀಮೆಗಳಿಂದ ನಮ್ಮಲ್ಲಿಗೆ ಬಂದು ಬೋರ್ಡಿಂಗಿನಲ್ಲಿದ್ದು ಓದಿದ ಮಕ್ಕಳಲ್ಲಿ ಸೈನಿಕರ ಪುತ್ರಿಯರು ಯಾವ ಕಾಲದಲ್ಲಿಯೂ ಇದ್ದಾರೆ. ಅವರಲ್ಲಿ ಅನೇಕರು ಸೈನಿಕರನ್ನೇ ವಿವಾಹವಾಗಿಯೂ ಇದ್ದಾರೆ. ಸೈನಿಕನು ಗಾಯಗೊಂಡರೆ ಅವನನ್ನು ರಣರಂಗದಿಂದ ಹೊತ್ತು ತರುವವರು ಅವನ ಜೊತೆಗಾರರು, ಜೀವ ಉಳಿಸುವವರು ವೈದ್ಯರು. ಆದರೆ ಆಮೇಲಿನ ಇಪ್ಪತ್ತು ಮೂವತ್ತು ವರ್ಷ ಅವನನ್ನು ನೋಡಿಕೊಳ್ಳುವವರು ತಾಯಿ, ಹೆಂಡತಿ, ಅಕ್ಕತಂಗಿಯರು ಮತ್ತು ಮಗಳು.

ಕೈಯಾಗಲಿ ಕಾಲಾಗಲಿ ಹೋದವನನ್ನು ಕಂಡರೆ ಲೋಕವು ಎದ್ದು ಜಾಗ ಕೊಡುತ್ತದೆ. ಮಿದುಳಿನ ಗಾಯವು ಹಾಗಲ್ಲ. ಮೇಲಿನ ಚರ್ಮವು ಮಾಯ್ದು, ಕೂದಲು ಬೆಳೆದು, ಆಳು ನೋಡುವುದಕ್ಕೆ ದೃಢಕಾಯನಾಗಿಯೇ ಇರುತ್ತಾನೆ. ಒಳಗಿನ ಸ್ಥಿತಿ ಬೇರೆ. ನಮ್ಮ ಮಿದುಳಿನ ತೂಕವು ಸುಮಾರು 1,400 ಗ್ರಾಂ ಮಾತ್ರ. ಅದರಲ್ಲಿ ಹಣೆಯ ಹಿಂಭಾಗವು ವಿವೇಚನೆ, ತಾಳ್ಮೆ, ಕೆಲಸವನ್ನು ತಾನಾಗಿ ಆರಂಭಿಸುವ ಉತ್ಸಾಹ ಇವುಗಳಿಗೆ ಆಧಾರ. ಕಿವಿಯ ಪಕ್ಕದ ಭಾಗವು ಮಾತಿಗೂ ಜ್ಞಾಪಕಕ್ಕೂ, ತಲೆಯ ಹಿಂಭಾಗವು ದೃಷ್ಟಿಗೂ ಆಧಾರ. ಎಲ್ಲಿ ಪೆಟ್ಟಾಯಿತೋ ಅದಕ್ಕೆ ತಕ್ಕಂತೆ ನಷ್ಟವು ತೋರುತ್ತದೆ. ಒಬ್ಬನಿಗೆ ಹೆಸರುಗಳು ಮರೆಯುತ್ತವೆ. ಇನ್ನೊಬ್ಬನು ಹೇಳುವ ತನಕ ಏಳದೆ ಗೋಡೆಯನ್ನು ನೋಡುತ್ತ ಕುಳಿತಿರುತ್ತಾನೆ. ಮತ್ತೊಬ್ಬನಿಗೆ ಸಣ್ಣ ಸದ್ದಿಗೂ ಸಿಟ್ಟು. ಬಾಂಬು ಸಿಡಿದಾಗ ಹೊರಗಿನ ಗಾಯವೇ ಇಲ್ಲದೆ, ವಾಯುವಿನ ಅಘಾತದಿಂದಲೇ ಮಿದುಳಿಗೆ ಪೆಟ್ಟಾಗುವುದೂ ಉಂಟು. ಅಂಥವರಲ್ಲಿ ಕೆಲವರ ತಲೆಯ ಸ್ಕ್ಯಾನಿನಲ್ಲಿಯೂ ಏನೊಂದೂ ಕಾಣದೆ ಹೋಗಬಹುದು. ಅಮೆರಿಕದ ಸೈನ್ಯದಲ್ಲಿ 2000ನೆಯ ಇಸವಿಯಿಂದೀಚೆಗೆ 4 ಲಕ್ಷಕ್ಕೂ ಹೆಚ್ಚು ಮಂದಿಗೆ ಮಿದುಳಿನ ಪೆಟ್ಟಾಗಿದೆಯೆಂದು ಅಲ್ಲಿಯ ರಕ್ಷಣಾ ಇಲಾಖೆಯು ಲೆಕ್ಕವಿಟ್ಟಿದೆ. ಅವುಗಳಲ್ಲಿ ಬಹುಪಾಲು ಸೌಮ್ಯವಾದವುಗಳೇ. ಆದರೂ ಆ ಸಂಖ್ಯೆಯ ಹಿಂದೆ ಎಷ್ಟು ಮನೆಗಳಿವೆಯೆಂಬುದನ್ನು ಯೋಚಿಸಿರಿ.

ಈ ವಿಧವಾದ ಗಾಯಾಳುಗಳನ್ನು ಕ್ರಮವಾಗಿ ಗಮನಿಸುವ ಕಾರ್ಯವು ಮೊದಲನೆಯ ಮಹಾಯುದ್ಧದ ಕಾಲದಲ್ಲಿ ವಿಶೇಷವಾಗಿ ನಡೆಯಿತು. 1916ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದಲ್ಲಿ ಕುರ್ಟ್ ಗೋಲ್ಡ್‌ಸ್ಟೈನ್ ಎಂಬ ವೈದ್ಯರು ತಲೆಗೆ ಗಾಯವಾದ ಸೈನಿಕರಿಗಾಗಿಯೇ ಒಂದು ಸಂಸ್ಥೆಯನ್ನು ಸ್ಥಾಪಿಸಿದರು. ಅಲ್ಲಿ ಚಿಕಿತ್ಸೆಯೂ ಪರೀಕ್ಷೆಯೂ ನಡೆಯುತ್ತಿದ್ದುದಲ್ಲದೆ, ಗಾಯಾಳುಗಳು ಮತ್ತೆ ಒಂದು ಕಸಬಿಗೆ ಕೈಹಾಕುವಂತೆ ಕಾರ್ಯಾಗಾರಗಳೂ ಇದ್ದವು. ಅವರು ಕಂಡುಕೊಂಡ ಎರಡು ಸಂಗತಿಗಳು ಪ್ರತಿಯೊಂದು ಗೃಹಿಣಿಗೂ ಉಪಯುಕ್ತವಾದವುಗಳು. ಮೊದಲನೆಯದು: ತನ್ನಿಂದಾಗದ ಕೆಲಸವು ಎದುರಾದ ಕ್ಷಣವೇ ಗಾಯಾಳು ಕಂಗಾಲಾಗಿ, ನಡುಗಿ, ಕೂಗಾಡುವುದುಂಟು. ಇದು ಹಠವೂ ಅಲ್ಲ, ದುಷ್ಟತನವೂ ಅಲ್ಲ. ನೆಲವೇ ಕುಸಿದಂತೆ ಅವನಿಗಾಗುವ ಭಯ. ಎರಡನೆಯದು: ಇಂಥವರು ತಮ್ಮ ಸಾಮಾನುಗಳನ್ನು ಅತಿಯಾದ ಅಚ್ಚುಕಟ್ಟಿನಿಂದ ಜೋಡಿಸಿಟ್ಟುಕೊಳ್ಳುತ್ತಾರೆ. ಆ ಅಚ್ಚುಕಟ್ಟೇ ಅವರಿಗೆ ಆಸರೆ. ಆದಕಾರಣ ಅವರ ಬಾಚಣಿಗೆ, ಚಪ್ಪಲಿ, ಮಾತ್ರೆಯ ಡಬ್ಬಿ ಇವುಗಳನ್ನು ಗುಡಿಸುವ ನೆಪದಿಂದ ಜಾಗ ಬದಲಿಸತಕ್ಕದ್ದಲ್ಲ. ಆ ಮಹನೀಯರು ಯೆಹೂದ್ಯರಾದ ಕಾರಣ 1933ರಲ್ಲಿ ಬಂಧನಕ್ಕೊಳಗಾಗಿ ಸ್ವದೇಶವನ್ನೇ ತ್ಯಜಿಸಬೇಕಾಯಿತು. ಅವರು ಸೈನಿಕರಿಂದ ಕಲಿತ ಪಾಠಗಳು ಮಾತ್ರ ನಿಂತುಹೋಗಲಿಲ್ಲ.

ಎರಡನೆಯ ಮಹಾಯುದ್ಧದ ಒಂದು ಉದಾಹರಣೆಯನ್ನು ನಾವು ನಮ್ಮ ಉಪಾಧ್ಯಾಯಿನಿಯರಿಗೆ ಆಗಾಗ್ಗೆ ಹೇಳುವುದುಂಟು. ಲೆವ್ ಜಾಸೆಟ್ಸ್ಕಿ ಎಂಬ ರಷ್ಯಾ ದೇಶದ ಯುವಕನು ತಾಂತ್ರಿಕ ವಿದ್ಯಾಲಯದಲ್ಲಿ ಓದುತ್ತಿದ್ದವನು, ಸೈನ್ಯಕ್ಕೆ ಸೇರಿ, 1943ನೆಯ ಮಾರ್ಚಿ ತಿಂಗಳಲ್ಲಿ ಸ್ಮೊಲೆನ್ಸ್ಕ್ ಸೀಮೆಯ ಕದನದಲ್ಲಿ ತಲೆಯ ಎಡಭಾಗಕ್ಕೆ ಗುಂಡು ತಗಲಿ ಬಿದ್ದನು. ಜೀವ ಉಳಿಯಿತು. ಆದರೆ ಕಣ್ಣೆದುರಿನ ಪ್ರತಿಯೊಂದು ವಸ್ತುವಿನ ಬಲಭಾಗವು ಅವನಿಗೆ ಕಾಣದಾಯಿತು. ಇಂಜಿನಿಯರನಾಗಬೇಕಾಗಿದ್ದವನಿಗೆ ಅಕ್ಷರಗಳೇ ಮರೆತವು. ತನ್ನ ಬಲಗೈ ಯಾವುದೆಂಬುದೂ ತಿಳಿಯದಂತಾಯಿತು. 'ತಂದೆಯ ಸಹೋದರ', 'ಸಹೋದರನ ತಂದೆ' ಎಂಬ ಎರಡು ಮಾತುಗಳಲ್ಲಿ ಒಂದೊಂದು ಪದದ ಅರ್ಥವೂ ತಿಳಿಯುವುದು; ಎರಡೂ ಪದ ಕೂಡಿದಾಗ ಆಗುವ ಅರ್ಥ ಮಾತ್ರ ಕೈಗೆ ಸಿಕ್ಕದು. ಷಷ್ಠೀ ವಿಭಕ್ತಿಯನ್ನು ಪಾಠ ಹೇಳುವಾಗ ಇಂಥದೊಂದು ಸಾಮರ್ಥ್ಯವು ನಮ್ಮ ತಲೆಯೊಳಗೆ ಬಚ್ಚಿಟ್ಟುಕೊಂಡಿದೆಯೆಂದು ನಮ್ಮಲ್ಲಿ ಯಾರು ಎಣಿಸುತ್ತಾರೆ?

ಅಲೆಕ್ಸಾಂಡರ್ ಲೂರಿಯಾ ಎಂಬ ಪ್ರಸಿದ್ಧ ವೈದ್ಯರು ಅವನನ್ನು ಆ ವರ್ಷವೇ ಆಸ್ಪತ್ರೆಯಲ್ಲಿ ಕಂಡು, ಮುಂದೆ ಸುಮಾರು 25 ವರ್ಷಗಳ ಕಾಲ ಅವನ ಸ್ಥಿತಿಯನ್ನು ಗಮನಿಸಿದರು. ಚಿಕ್ಕ ಮಗುವಿನಂತೆ ಅವನು ಅಕ್ಷರಾಭ್ಯಾಸವನ್ನು ಮೊದಲಿನಿಂದ ಮಾಡಬೇಕಾಯಿತು. ತನಗೆ ಪರಿಚಯವಾದ ಹೆಸರುಗಳ ಮೊದಲನೆಯ ಅಕ್ಷರವನ್ನು ಹಿಡಿದುಕೊಂಡು ಒಂದೊಂದನ್ನಾಗಿ ಗುರುತಿಸಿದನು. ಬರೆಯುವುದಂತೂ ಅಸಾಧ್ಯವಾಗಿತ್ತು. ಒಂದು ದಿನ, ಅಕ್ಷರಗಳನ್ನು ಯೋಚಿಸದೆ, ಕೈಯನ್ನು ಎತ್ತದೆ, ಇಡೀ ಪದವನ್ನು ಒಂದೇ ಸಲಕ್ಕೆ ಬರೆದುಬಿಡುವಂತೆ ಅವನಿಗೆ ಹೇಳಲಾಯಿತು. ಹಾಗೆ ಮಾಡಲು ಪದವು ತಾನಾಗಿ ಕೈಯಿಂದ ಹೊರಬಂತು! ತಲೆಯು ಮರೆತದ್ದನ್ನು ಕೈಯು ಮರೆತಿರಲಿಲ್ಲ. ಅಂದಿನಿಂದ ಅವನು ತಾಯಿಯೂ ಸಹೋದರಿಯರೂ ಇದ್ದ ಮನೆಯಲ್ಲಿ ಕುಳಿತು, ಒಂದು ಪುಟಕ್ಕೆ ಒಂದು ದಿನವೇ ಹಿಡಿದರೂ ಬಿಡದೆ, ತನ್ನ ಕಥೆಯನ್ನು ಸುಮಾರು 3,000 ಪುಟಗಳಷ್ಟು ಬರೆದನು. ತಾನು ಬರೆದುದನ್ನು ತಾನೇ ಸರಾಗವಾಗಿ ಓದುವುದಕ್ಕೂ ಅವನಿಗೆ ಆಗುತ್ತಿರಲಿಲ್ಲ. ಲೂರಿಯಾ ಅವರು 1971ರಲ್ಲಿ ಅದರ ಭಾಗಗಳನ್ನು ತಮ್ಮ ವಿವರಣೆಯೊಂದಿಗೆ ಪುಸ್ತಕವಾಗಿ ಪ್ರಕಟಿಸಿದರು.

ಈ ಕಥೆಯನ್ನು ಓದಿದವರೆಲ್ಲರೂ ಆ ಸೈನಿಕನ ಧೈರ್ಯವನ್ನು ಕೊಂಡಾಡುತ್ತಾರೆ; ಅದು ಯುಕ್ತವೇ. ಆದರೆ ಹೆಣ್ಣುಮಕ್ಕಳ ಶಾಲೆಯನ್ನು ನಡೆಸುವ ನಮಗೆ ಬೇರೊಂದು ಯೋಚನೆಯೂ ಬರುತ್ತದೆ. 25 ವರ್ಷಗಳ ಕಾಲ ಒಬ್ಬನು ಒಂದು ಮೇಜಿನ ಮುಂದೆ ಕುಳಿತು ಬರೆಯಬೇಕಾದರೆ, ಆ ಮೇಜು ಇರುವ ಮನೆಯೊಂದು ನಡೆಯುತ್ತಿರಬೇಕು. ಒಲೆಯು ಉರಿಯಬೇಕು, ಬಟ್ಟೆಯನ್ನು ಯಾರೋ ಒಗೆಯಬೇಕು, ಬೀದಿಯಲ್ಲಿ ದಾರಿ ತಪ್ಪಿದವನನ್ನು ಯಾರೋ ಕರೆತರಬೇಕು. ಆ ಕೆಲಸದ ದಿನಚರಿಯನ್ನು ಯಾರೂ ಬರೆದಿಟ್ಟಿಲ್ಲ.

ಇನ್ನು ನಮಗೆ ಸಮೀಪವಾದ ಒಂದು ಮನೆಯ ಸಂಗತಿಯನ್ನು ಹೇಳುವೆವು. ಆಕೆಯು ನಮ್ಮ ಹಳೆಯ ವಿದ್ಯಾರ್ಥಿನಿ. ಹೆಸರು ಹೇಳುವುದು ಉಚಿತವಲ್ಲ. ಆಕೆಯ ಸಮ್ಮತಿಯಿಂದಲೇ ಇಷ್ಟನ್ನು ಬರೆಯುತ್ತಿದ್ದೇವೆ. ಆಕೆಯ ಯಜಮಾನರು ಸೈನ್ಯದಲ್ಲಿ ಹವಾಲ್ದಾರರಾಗಿದ್ದರು. ಉತ್ತರದ ಗಡಿಯಲ್ಲಿ ಬಾಂಬಿನ ಸ್ಫೋಟದಿಂದ ತಲೆಗೆ ಪೆಟ್ಟಾಗಿ, ಶಸ್ತ್ರಚಿಕಿತ್ಸೆಯಾಗಿ, ಅನೇಕ ವಾರಗಳ ತರುವಾಯ ಊರಿಗೆ ಬಂದರು. ಊರಿನವರು ಹಾರ ಹಾಕಿ ಸ್ವಾಗತಿಸಿದರು. ಸಭೆಯಲ್ಲಿ ಸ್ತೋತ್ರಾರಾಧನೆ ನಡೆಯಿತು. ಹದಿನೈದು ದಿನಗಳಾದ ಮೇಲೆ ಬಂದುಹೋಗುವವರು ಕಡಿಮೆಯಾದರು. ಮನೆಯೊಳಗಿನ ಯುದ್ಧವು ಆಗ ಪ್ರಾರಂಭವಾಯಿತು.

ಅವರು ಒಂದೇ ಪ್ರಶ್ನೆಯನ್ನು ದಿನಕ್ಕೆ ಇಪ್ಪತ್ತು ಸಾರಿ ಕೇಳುವರು. ಕುಕ್ಕರಿನ ಸೀಟಿ ಕೇಳಿದರೆ ಬೆಚ್ಚಿ ಕೈಗೆ ಸಿಕ್ಕಿದುದನ್ನು ಎಸೆಯುವರು. ವಾಸನೆಯೇ ತಿಳಿಯದ ಕಾರಣ ಹಾಲು ಸೀದರೂ ಗ್ಯಾಸು ಸೋರಿದರೂ ಅವರಿಗೆ ಗೊತ್ತಾಗದು. ನಡಿಗೆಯು ತೂರಾಡುತ್ತಿದ್ದುದರಿಂದ ಕುಡಿದಿದ್ದಾರೆಂದು ಬಸ್ಸಿನಲ್ಲಿ ಒಬ್ಬನು ಇಳಿಸಿಬಿಟ್ಟದ್ದೂ ಉಂಟು. ಮಾತು ಕಡಿದುಹೋಗಿತ್ತು, 'ನೀರು' ಎನ್ನಬೇಕಾದಲ್ಲಿ 'ಬಾಗಿಲು' ಎನ್ನುವರು, ಅದು ತಪ್ಪೆಂದು ತಿಳಿದು ಕಣ್ಣೀರಿಡುವರು.

ಆಕೆ ಒಂದು ದಿನ ನಮ್ಮ ಬಳಿಗೆ ಬಂದು, "ಅಮ್ಮನವರೇ, ನೀವು ನನಗೆ ಕಲಿಸಿದ ಯಾವ ಪಾಠವೂ ಈಗ ಉಪಯೋಗಕ್ಕೆ ಬರುವುದಿಲ್ಲ," ಎಂದಳು. "ಅಮ್ಮಾ, ಬೋರ್ಡಿಂಗಿನ ವೇಳಾಪತ್ರಿಕೆ ನಿನಗೆ ಜ್ಞಾಪಕವಿದೆಯೇ?" ಎಂದು ನಾವು ಕೇಳಿದೆವು. ಅವಳು ಅಳುತ್ತಿದ್ದವಳು ನಕ್ಕಳು. ಏಕೆಂದರೆ ಆ ವೇಳಾಪತ್ರಿಕೆಯನ್ನು ಅತ್ಯಧಿಕವಾಗಿ ದ್ವೇಷಿಸುತ್ತಿದ್ದವಳು ಅವಳೇ.

ಆ ವಾರ ಅವರ ಪಡಸಾಲೆಯ ಗೋಡೆಯಲ್ಲಿ ಒಂದು ಕರಿಹಲಗೆಯು ಬಂತು. ಅದರ ಮೇಲೆ ಇಂದಿನ ವಾರ, ತಾರೀಖು, ಯಾವ ಹೊತ್ತಿಗೆ ಏನು, ಮನೆಯಲ್ಲಿ ಯಾರು ಎಲ್ಲಿಗೆ ಹೋಗಿದ್ದಾರೆ ಎಂಬುದು ದಪ್ಪಕ್ಷರದಲ್ಲಿ ಇರತೊಡಗಿತು. ಅಂಗಿಯ ಜೇಬಿನಲ್ಲಿ ಒಂದು ಚಿಕ್ಕ ಪುಸ್ತಕವು ಇರತೊಡಗಿತು. ಒಂದು ಹೊತ್ತಿಗೆ ಒಬ್ಬರೇ ಮಾತನಾಡುವುದು, ಒಂದು ಸಾರಿಗೆ ಒಂದೇ ಕೆಲಸವನ್ನು ಹೇಳುವುದು, ಮಧ್ಯಾಹ್ನ ಒಂದು ಗಂಟೆ ಕಾಲ ಮನೆಯೆಲ್ಲ ನಿಶ್ಶಬ್ದವಾಗಿರುವುದು ಎಂಬ ನಿಯಮಗಳನ್ನು ಅವಳ ಅತ್ತೆಯವರೇ ಜಾರಿಗೆ ತಂದರು. ಆ ವೃದ್ಧೆಯು ಓದು ಬಾರದವರು. ಆದರೆ ಮಗನು ಎಷ್ಟು ಹೊತ್ತಿಗೆ ದಣಿಯುವನೆಂಬುದನ್ನು ಅವನ ಹುಬ್ಬನ್ನು ನೋಡಿ ಹೇಳಬಲ್ಲವರಾಗಿದ್ದರು. ಮಿದುಳಿಗೆ ಪೆಟ್ಟಾದವನ ದಣಿವು ಸೋಮಾರಿತನವಲ್ಲ. ನಾವು ಯೋಚಿಸದೆ ಮಾಡುವುದನ್ನೆಲ್ಲ ಅವನು ಯೋಚಿಸಿ ಮಾಡಬೇಕಾಗಿರುವುದರಿಂದ ಬೇಗನೆ ದಣಿಯುತ್ತಾನೆ.

ಇಲ್ಲಿ ಉಪಾಧ್ಯಾಯಿನಿಯರಿಗೆ ಒಂದು ವಿಚಿತ್ರವಾದ ಮಾತನ್ನು ಹೇಳಬೇಕಾಗಿದೆ. ತರಗತಿಯಲ್ಲಿ ನಾವು ಮಕ್ಕಳಿಗೆ, "ಯೋಚಿಸಿ ಹೇಳು, ತಪ್ಪಾದರೂ ಚಿಂತೆಯಿಲ್ಲ," ಎನ್ನುತ್ತೇವೆ. ಮಗುವು ತನ್ನ ತಪ್ಪಿನಿಂದ ಕಲಿಯುತ್ತದೆ. ಜ್ಞಾಪಕಶಕ್ತಿಯು ಬಹಳವಾಗಿ ಕೆಟ್ಟವನಲ್ಲಿ ಈ ಕ್ರಮವು ಸಲ್ಲದೆಂದು ಬ್ಯಾಡ್ಲಿ ಮತ್ತು ಬಾರ್ಬರಾ ವಿಲ್ಸನ್ ಎಂಬ ಆಂಗ್ಲ ವಿದ್ವಾಂಸರು 1994ರಲ್ಲಿ ಪರೀಕ್ಷೆಗಳಿಂದ ತೋರಿಸಿಕೊಟ್ಟರು. ಅವನು ತಪ್ಪು ಮಾಡಿದೆನೆಂಬುದನ್ನು ಮರೆಯುತ್ತಾನೆ, ತಪ್ಪು ಉತ್ತರ ಮಾತ್ರ ಉಳಿಯುತ್ತದೆ. ಆದುದರಿಂದ, "ಇವಳು ಯಾರು ಹೇಳಿ ನೋಡೋಣ?" ಎಂದು ನೆಂಟರು ಅವನನ್ನು ಪರೀಕ್ಷೆ ಮಾಡುವುದು ಸರ್ವಥಾ ಕೂಡದು. "ನಾನು ನಿಮ್ಮ ಚಿಕ್ಕಮ್ಮನ ಮಗಳು, ಮಡಿಕೇರಿಯಿಂದ ಬಂದಿದ್ದೇನೆ," ಎಂದು ತಾವಾಗಿ ಹೇಳಿಬಿಡುವುದೇ ಉಪಕಾರ. ಸರಿಯಾದುದನ್ನು ಮೊದಲು ಹೇಳಿಕೊಟ್ಟು, ಅದನ್ನೇ ಅನೇಕ ಸಾರಿ ಮಾಡಿಸಿ, ನೆರವನ್ನು ಸ್ವಲ್ಪ ಸ್ವಲ್ಪವಾಗಿ ಕಡಿಮೆ ಮಾಡತಕ್ಕದ್ದು. ತಿದ್ದಿಸುವ ಅಕ್ಷರದ ಮೇಲೆ ಮಗುವಿನ ಕೈ ಹಿಡಿದು ಬರೆಯಿಸುವ ನಮ್ಮ ಹಳೆಯ ಪದ್ಧತಿಯೇ ಇದು.

ಆ ಹವಾಲ್ದಾರರು ಮೊದಲು ಸಭೆಯ ಗಾನಮಂಡಲಿಯಲ್ಲಿ ಹಾಡುತ್ತಿದ್ದವರು. ಮಾತು ಬಾರದೆ ಇದ್ದ ಆ ದಿನಗಳಲ್ಲಿ ಒಂದು ಸಾಯಂಕಾಲ ಮನೆಯ ಪ್ರಾರ್ಥನೆಯಲ್ಲಿ ಅವರ ತಾಯಿಯು ಕೀರ್ತನೆಯನ್ನು ಎತ್ತಿಕೊಳ್ಳಲು, ಅವರು ಒಂದು ಪದವನ್ನೂ ಬಿಡದೆ ಕೊನೆಯ ತನಕ ಹಾಡಿಬಿಟ್ಟರು. ಮನೆಯವರು ಇದನ್ನು ಅದ್ಭುತವೆಂದರು. ನಾವೂ ದೇವರನ್ನು ಸ್ತುತಿಸಿದೆವು. ಆದರೆ ವೈದ್ಯಶಾಸ್ತ್ರವು ಈ ಕೃಪೆಯನ್ನು ಬಹುಕಾಲದಿಂದ ಬಲ್ಲದು. 1745ರಷ್ಟು ಹಿಂದೆಯೇ ಸ್ವೀಡನ್ ದೇಶದ ಓಲೋಫ್ ದಾಲಿನ್ ಎಂಬವರು, ಮಾತು ಕಳೆದುಕೊಂಡ ಒಬ್ಬ ರೈತನ ಮಗನು ಸಭೆಯಲ್ಲಿ ಸ್ತುತಿಗೀತೆಗಳನ್ನು ಸ್ಪಷ್ಟವಾಗಿ ಹಾಡುತ್ತಿದ್ದುದನ್ನು ಬರೆದಿಟ್ಟಿದ್ದಾರೆ. ಮಾತಿಗೂ ಹಾಡಿಗೂ ಮಿದುಳಿನಲ್ಲಿ ದಾರಿಗಳು ಪೂರ್ಣವಾಗಿ ಒಂದೇ ಅಲ್ಲ. ಈಗ ಕೆಲವು ಆಸ್ಪತ್ರೆಗಳಲ್ಲಿ ರಾಗದ ಮೂಲಕವಾಗಿ ಮಾತನ್ನು ಕಲಿಸುವ ಕ್ರಮವೂ ಉಂಟು. ಆಕೆಯೂ 'ನೀರು ಬೇಕು', 'ಸಾಕು' ಮುಂತಾದ ಮಾತುಗಳನ್ನು ರಾಗವಾಗಿ ಹೇಳಿಸಿ ಹೇಳಿಸಿ, ಒಂದು ವರ್ಷದಲ್ಲಿ ಅನೇಕ ಮಾತುಗಳನ್ನು ಅವರ ಬಾಯಿಗೆ ಹಿಂದಕ್ಕೆ ತಂದಳು.

ಎಲ್ಲವೂ ಹೀಗೆಯೇ ಸುಖಕರವಾಗಿ ಸಾಗಿತೆಂದು ಬರೆದರೆ ಅದು ಸತ್ಯವಾಗಲಾರದು. ಮಿದುಳಿನ ಗಾಯವು ಮೊದಲ ಆರು ತಿಂಗಳಲ್ಲಿ ಬೇಗಬೇಗನೆ ಗುಣವಾಗುತ್ತ, ಆಮೇಲೆ ನಿಧಾನವಾಗುತ್ತದೆ. ವರ್ಷಗಳ ತನಕ ಸ್ವಲ್ಪ ಸ್ವಲ್ಪವಾಗಿ ಸುಧಾರಿಸುವುದೂ ಉಂಟು. ಆದರೆ ಸ್ವಭಾವದಲ್ಲಿ ಆದ ವ್ಯತ್ಯಾಸವು ಕೈಕಾಲಿನ ಬಲಹೀನತೆಗಿಂತ ಮನೆಯವರಿಗೆ ಹೆಚ್ಚು ಭಾರ. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ತಲೆಗೆ ಭಾರಿ ಪೆಟ್ಟಾದವರ ಮನೆಯವರನ್ನು ವಿಚಾರಿಸಿ 1986ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಐದು ವರ್ಷಗಳಾದ ಮೇಲೆ ನಾಲ್ವರಲ್ಲಿ ಸುಮಾರು ಮೂವರ ಬಂಧುಗಳು, "ಈತನು ಮೊದಲಿನ ಮನುಷ್ಯನಲ್ಲ," ಎಂಬ ಅಭಿಪ್ರಾಯ ಕೊಟ್ಟರು. ಕಾಲ ಕಳೆದಂತೆ ಮನೆಯವರ ಭಾರವು ಇಳಿಯುವುದರ ಬದಲಾಗಿ ಏರಿತ್ತು. ಅಷ್ಟರಲ್ಲಿ ನೆರೆಹೊರೆಯವರು, "ಗುಣವಾಗಿದ್ದಾರಲ್ಲಾ, ಇನ್ನೇನು?" ಎನ್ನತೊಡಗಿರುತ್ತಾರೆ.

ನಮ್ಮ ವಿದ್ಯಾರ್ಥಿನಿಯೂ, "ನನ್ನ ಯಜಮಾನರು ಬದುಕಿದ್ದಾರೆ, ಆದರೆ ನಾನು ಮದುವೆಯಾದವರು ಕಾಣುತ್ತಿಲ್ಲ, ಅಳಬೇಕೋ ಕೃತಜ್ಞಳಾಗಿರಬೇಕೋ ತಿಳಿಯದು," ಎಂದು ಹೇಳಿದಳು. ಈ ದುಃಖಕ್ಕೆ ಒಂದು ಹೆಸರಿದೆಯೆಂದು ತಿಳಿದಾಗ ಅವಳಿಗೆ ಎಷ್ಟೋ ಸಮಾಧಾನವಾಯಿತು. ವಿಯೆಟ್ನಾಮ್ ಯುದ್ಧದಲ್ಲಿ ಕಾಣೆಯಾದ ವಿಮಾನಚಾಲಕರ ಹೆಂಡಂದಿರನ್ನು 1970ರ ದಶಕದಲ್ಲಿ ವಿಚಾರಿಸಿದ ಪಾಲಿನ್ ಬಾಸ್ ಎಂಬ ಅಮೆರಿಕದ ವಿದುಷಿಯು, ಸತ್ತರೆಂದೂ ಇದ್ದಾರೆಂದೂ ಹೇಳಲಾಗದ ಅಂಥ ನಷ್ಟಕ್ಕೆ 'ಅಸ್ಪಷ್ಟ ನಷ್ಟ' ಎಂಬರ್ಥದ ಹೆಸರನ್ನು ಕೊಟ್ಟರು. ದೇಹವು ಎದುರಿಗಿದ್ದೂ ಮನಸ್ಸು ದೂರವಾದವರ ಬಂಧುಗಳ ದುಃಖವನ್ನೂ ಅವರು ಅದರಲ್ಲಿ ಸೇರಿಸಿದರು. ಇಂಥ ದುಃಖಕ್ಕೆ ಶವಸಂಸ್ಕಾರವಿಲ್ಲ, ಸಾಂತ್ವನದ ಕಾಗದಗಳಿಲ್ಲ. ಅಳುವುದೂ ಪ್ರೀತಿಸುವುದೂ ಏಕಕಾಲದಲ್ಲಿ ನಡೆಯಬಹುದು. ಅದರಲ್ಲಿ ಪಾಪವೇನೂ ಇಲ್ಲ.

ಸಿಟ್ಟಿನ ವಿಷಯವನ್ನೂ ಮುಚ್ಚಿಡಬಾರದು. ಸಿಟ್ಟು ಬಂದಾಗ ವಾದಿಸದೆ, ಮಕ್ಕಳನ್ನು ದೂರ ಕರೆದೊಯ್ದು, ಸದ್ದನ್ನು ನಿಲ್ಲಿಸಿ, ಶಾಂತವಾದ ಮೇಲೆ ಬೇರೆ ವಿಷಯವನ್ನು ಎತ್ತುವುದು ಲೇಸು. ಆದರೆ ಕೈ ಮೇಲೆ ಬಂದರೆ ಅದನ್ನು ಸಹಿಸಿಕೊಂಡು ಬಚ್ಚಿಡುವುದು ಪತಿಭಕ್ತಿಯಲ್ಲ. ತಡಮಾಡದೆ ವೈದ್ಯರಿಗೂ ಹಿರಿಯರಿಗೂ ತಿಳಿಸತಕ್ಕದ್ದು. ಸಾಯುವ ಮಾತನ್ನು ಅವನು ಆಡಿದರೂ ಹಾಗೆಯೇ. ಮದ್ಯವನ್ನು ಮನೆಗೆ ಸೇರಿಸಲೇ ಬಾರದು. ಪ್ರೀತಿಗಾಗಿ ಕ್ಯಾಂಟೀನಿನ ಬಾಟಲಿಯನ್ನು ತರುವ ಹಳೆಯ ಜೊತೆಗಾರರಿಗೆ ಬಾಗಿಲಲ್ಲಿಯೇ ನಯವಾಗಿ ಹೇಳಿ ಕಳುಹಿಸಬೇಕು. ಅಪಸ್ಮಾರವು ವರ್ಷಗಳಾದ ಮೇಲೂ ಬರಬಹುದಾದ್ದರಿಂದ, ವೈದ್ಯರು ಹೇಳುವ ತನಕ ಮಾತ್ರೆಗಳನ್ನು ಬಿಡಕೂಡದು. ಅದು ಬಂದಾಗ ಕೈಗೆ ಕಬ್ಬಿಣದ ಬೀಗದಕೈ ಕೊಡುವುದಾಗಲಿ ಬಾಯಿಗೆ ಏನನ್ನಾದರೂ ತುರುಕುವುದಾಗಲಿ ಬೇಡ. ಪಕ್ಕಕ್ಕೆ ಮಲಗಿಸಿ ಕಾದಿರುವುದೇ ಸರಿ. ಐದು ನಿಮಿಷಕ್ಕೆ ನಿಲ್ಲದಿದ್ದರೆ ಆಸ್ಪತ್ರೆಗೆ ಒಯ್ಯಬೇಕು.

ಈಗ ನಾವು ಈ ಲೇಖನವನ್ನು ಬರೆಯುವುದಕ್ಕೆ ಮುಖ್ಯ ಕಾರಣವಾದ ಸಂಗತಿಗೆ ಬಂದೆವು. ಆ ದಂಪತಿಗಳಿಗೆ ಒಬ್ಬ ಮಗಳುಂಟು. ಆಗ ಅವಳು ನಮ್ಮ ಒಂಭತ್ತನೆಯ ತರಗತಿಯಲ್ಲಿದ್ದಳು. ಕ್ರಿಸ್ಮಸ್ ರಜೆಯಾದ ಮೇಲೆ ಅವಳ ದೊಡ್ಡಪ್ಪನವರು ಬಂದು, "ಮನೆಯಲ್ಲಿ ಕೈಸಾಲದು, ಹುಡುಗಿಯನ್ನು ಬಿಡಿಸಿಕೊಂಡು ಹೋಗುತ್ತೇನೆ, ಟಿ.ಸಿ. ಕೊಡಿರಿ," ಎಂದರು. ಅವರು ಕೆಟ್ಟವರಲ್ಲ. ತಮ್ಮನ ಮನೆಯ ಕಷ್ಟವನ್ನು ಕಂಡು ನೊಂದೇ ಬಂದಿದ್ದರು. ಹುಡುಗಿಯೂ ಪೆಟ್ಟಿಗೆಯನ್ನು ಕಟ್ಟಿಟ್ಟು, ಅಳದೆ, ಆಫೀಸಿನ ಹೊರಗೆ ನಿಂತಿದ್ದಳು. ಆಕೆಯ ಗೆಳತಿಯರಲ್ಲಿ ಯಾರಿಗೂ ತಂದೆಯ ಸ್ಥಿತಿಯನ್ನು ಅವಳು ಹೇಳಿರಲಿಲ್ಲವೆಂದು ನಮಗೆ ಆಮೇಲೆ ತಿಳಿಯಿತು.

ನಾವು ಆ ದೊಡ್ಡಪ್ಪನವರನ್ನು ಕುಳ್ಳಿರಿಸಿ, ಸುವಾರ್ತೆಯಲ್ಲಿ ಬರುವ ಪಾರ್ಶ್ವವಾಯು ರೋಗಿಯ ಸಂಗತಿಯನ್ನು ನೆನಪಿಗೆ ತಂದೆವು. ಕಪೆರ್ನೌಮಿನಲ್ಲಿ ಅವನನ್ನು ಹೊತ್ತು, ಮಾಳಿಗೆಯನ್ನು ತೆರೆದು, ಕರ್ತನ ಮುಂದೆ ಇಳಿಸಿದವರು ನಾಲ್ವರು. "ಅಯ್ಯಾ, ಹಾಸಿಗೆಗೆ ನಾಲ್ಕು ಮೂಲೆಗಳಿವೆ. ನೀವು ಒಂದು ಮೂಲೆಯನ್ನು ಹಿಡಿದಿದ್ದೀರಿ, ನಿಮ್ಮ ನಾದಿನಿ ಒಂದನ್ನು ಹಿಡಿದಿದ್ದಾಳೆ. ಉಳಿದವೆರಡಕ್ಕೂ ಹದಿನಾಲ್ಕು ವರ್ಷದ ಈ ಹುಡುಗಿಯೊಬ್ಬಳನ್ನೇ ಕೊಡುತ್ತೀರಾ?" ಎಂದು ಕೇಳಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದು, "ಹಾಗಾದರೆ ಬೇರೆ ಯಾರಿದ್ದಾರೆ, ಅಮ್ಮನವರೇ?" ಎಂದರು. ಅದು ಸರಿಯಾದ ಪ್ರಶ್ನೆಯಾಗಿತ್ತು. ಅದಕ್ಕೆ ಉತ್ತರವನ್ನು ಹುಡುಕುವುದು ನಮ್ಮೆಲ್ಲರ ಕೆಲಸವಾಯಿತು. ಸಭೆಯ ಸ್ತ್ರೀಸಮಾಜದವರು ವಾರಕ್ಕೆ ಮೂರು ಮಧ್ಯಾಹ್ನ ಸರದಿಯ ಮೇಲೆ ಆ ಮನೆಗೆ ಹೋಗಲು ಒಪ್ಪಿದರು. ಹವಾಲ್ದಾರರ ದಳದಲ್ಲಿದ್ದ ಒಬ್ಬ ಪಿಂಚಣಿದಾರರು ಪ್ರತಿದಿನ ಬೆಳಿಗ್ಗೆ ಅವರನ್ನು ನಡೆದಾಡಲು ಕರೆದೊಯ್ಯತೊಡಗಿದರು. ಹುಡುಗಿಯು ಪೆಟ್ಟಿಗೆಯನ್ನು ಬಿಚ್ಚಿದಳು.

ನಾಲ್ಕನೆಯ ಮೂಲೆಯನ್ನು ಹಿಡಿಯತಕ್ಕದ್ದು ಸರ್ಕಾರ. ಅಮೆರಿಕದಲ್ಲಿ 2010ರಲ್ಲಿ ಮಾಡಿದ ಕಾನೂನಿನ ಪ್ರಕಾರ, 2001ನೆಯ ಸೆಪ್ಟೆಂಬರ್ 11ರ ತರುವಾಯ ತೀವ್ರವಾಗಿ ಗಾಯಗೊಂಡ ಸೈನಿಕರನ್ನು ಮನೆಯಲ್ಲಿ ನೋಡಿಕೊಳ್ಳುವವರಿಗೆ ತಿಂಗಳ ಹಣವೂ ತರಬೇತಿಯೂ, ಅವರಿಗೆ ವಿಶ್ರಾಂತಿಯಾಗುವಂತೆ ಬದಲಿ ನೆರವೂ ದೊರಕುವಂತಾಯಿತು. 2018ರ ಕಾನೂನಿನಿಂದ ಇದು ಹಿಂದಿನ ಯುದ್ಧಗಳವರಿಗೂ ವಿಸ್ತರಿಸಲ್ಪಟ್ಟು, 2022ರಲ್ಲಿ ಎಲ್ಲ ಕಾಲದವರನ್ನೂ ಮುಟ್ಟಿತು. ನಮ್ಮ ದೇಶದಲ್ಲಿಯೂ 2003ರಿಂದ ಮಾಜಿ ಸೈನಿಕರಿಗೂ ಅವರ ಕುಟುಂಬಕ್ಕೂ ಇ.ಸಿ.ಎಚ್.ಎಸ್. ಎಂಬ ಆರೋಗ್ಯ ಯೋಜನೆಯಿದೆ. ನೂರಕ್ಕೆ ನೂರು ಅಂಗವೈಕಲ್ಯವಾಗಿ, ಸದಾ ಒಬ್ಬರ ನೆರವು ಬೇಕೆಂದು ವೈದ್ಯಮಂಡಲಿಯು ಶಿಫಾರಸು ಮಾಡಿದಲ್ಲಿ, ಪಿಂಚಣಿಯೊಂದಿಗೆ ಪರಿಚಾರಕರ ಭತ್ಯವೂ ಸಿಕ್ಕುತ್ತದೆ. ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯಲ್ಲಿ ಇವುಗಳನ್ನು ವಿಚಾರಿಸಬಹುದು. ಕಾಗದಪತ್ರಗಳನ್ನು ಒಂದು ಕಡೆಯಲ್ಲಿ ಜೋಪಾನವಾಗಿಟ್ಟು, ಅರ್ಜಿಯನ್ನು ಸ್ವತಃ ಬರೆಯಬಲ್ಲ ಹೆಂಗಸಿಗೆ ಅರ್ಧ ಭಾರವು ಇಳಿದಂತೆ. ನಮ್ಮ ಶಾಲೆಯಲ್ಲಿ ಅರ್ಜಿ ಬರೆಯುವ ಪಾಠವನ್ನು ಬೇಸರವೆಂದು ತಿಳಿಯುವ ಬಾಲಕಿಯರು ಇದನ್ನು ಓದಲಿ.

ಚಿಕಿತ್ಸೆಯ ವಿಷಯದಲ್ಲಿಯೂ ನಾವು ನಿರಾಶ್ರಿತರಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ನರರೋಗಿಗಳ ಪುನರ್ವಸತಿಗಾಗಿಯೇ ಒಂದು ವಿಭಾಗವಿದೆ. ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ 1966ರಲ್ಲಿ ಪುನರ್ವಸತಿ ಸಂಸ್ಥೆಯು ಪ್ರಾರಂಭವಾಯಿತು. ಅದಕ್ಕೆ ಮೂಲಕಾರಣರಾದ ಡಾಕ್ಟರ್ ಮೇರಿ ವರ್ಗೀಸ್ ಅವರ ಚರಿತ್ರೆಯನ್ನು ನಮ್ಮ ಪ್ರತಿಯೊಬ್ಬ ಬಾಲಕಿಯೂ ತಿಳಿದಿರಬೇಕು. 1954ರಲ್ಲಿ ವಾಹನದ ಅಪಘಾತವಾಗಿ ಸೊಂಟದ ಕೆಳಗೆ ಸ್ವಾಧೀನ ತಪ್ಪಿದ ಆ ತರುಣ ವೈದ್ಯೆಯು, ಗಾಲಿಕುರ್ಚಿಯಲ್ಲಿ ಕುಳಿತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆಯನ್ನು ಮಾಡಿದರು. ಆಮೇಲೆ ನ್ಯೂಯಾರ್ಕಿಗೆ ಹೋಗಿ ಹೊವರ್ಡ್ ರಸ್ಕ್ ಎಂಬವರ ಸಂಸ್ಥೆಯಲ್ಲಿ ಪುನರ್ವಸತಿ ವಿದ್ಯೆಯನ್ನು ಕಲಿತರು. ಆ ರಸ್ಕ್ ಮಹಾಶಯರು ಎರಡನೆಯ ಮಹಾಯುದ್ಧದಲ್ಲಿ ಗಾಯಗೊಂಡ ಅಮೆರಿಕದ ವಿಮಾನದಳದವರ ನಡುವೆ ಕೆಲಸ ಮಾಡಿ ಆ ವಿದ್ಯೆಯನ್ನು ಬೆಳೆಸಿದವರು. ಹೀಗೆ ಸೈನಿಕರ ಗಾಯಗಳಿಂದ ಕಲಿತ ವಿದ್ಯೆಯು ಒಬ್ಬ ಭಾರತೀಯ ಸ್ತ್ರೀಯ ಮೂಲಕ ನಮ್ಮ ನೆರೆಯ ಪ್ರಾಂತಕ್ಕೆ ಬಂತು.

ಹವಾಲ್ದಾರರ ವಿಷಯವಾಗಿ ಓದುಗರು ಕೇಳಬಹುದು. ಅವರು ಮೊದಲಿನಂತಾಗಲಿಲ್ಲ, ಆಗುವುದಿಲ್ಲವೆಂದು ವೈದ್ಯರು ಹೇಳಿದ್ದಾರೆ. ಲೆಕ್ಕವನ್ನು ಇನ್ನೂ ತಪ್ಪುತ್ತಾರೆ. ಒಬ್ಬರೇ ಪೇಟೆಗೆ ಹೋಗಲಾರರು. ಆದರೆ ಮನೆಯ ಹಿಂದೆ ಕಾಫಿಯ ಸಸಿಮಡಿಯೊಂದನ್ನು ನೋಡಿಕೊಳ್ಳುತ್ತಾರೆ. ಸಾಲಿಗೆ ಇಪ್ಪತ್ತರಂತೆ ಜೋಡಿಸಿದ ಸಸಿಚೀಲಗಳಿಗೆ ಪ್ರತಿದಿನವೂ ಅದೇ ಹೊತ್ತಿಗೆ ನೀರು ಹಾಕಿ, ಕರಿಹಲಗೆಯಲ್ಲಿ ತಾವೇ ಗುರುತು ಹಾಕುತ್ತಾರೆ. ಹೋದ ವರುಷ ಕೆಲವು ಸಸಿಗಳನ್ನು ಮಾರಿದ ಹಣವನ್ನು ಹೆಂಡತಿಯ ಕೈಗೆ ಕೊಟ್ಟರಂತೆ. ಮಗಳು ಈಗ ಮಾತನ್ನು ಕಳೆದುಕೊಂಡವರಿಗೆ ಮಾತು ಕಲಿಸುವ ವಿದ್ಯೆಯನ್ನು ಮೈಸೂರಿನಲ್ಲಿ ಓದುತ್ತಿದ್ದಾಳೆ.

ಪ್ರಿಯ ಪೋಷಕರೇ, ಮನೆಗೆ ಕಷ್ಟ ಬಂದಾಗ ಮೊದಲು ನಿಲ್ಲಿಸುವುದು ಹೆಣ್ಣುಮಕ್ಕಳ ಓದನ್ನು ಎಂಬ ವಾಡಿಕೆಯನ್ನು ಬಿಡಿರೆಂದು ನಾವು ಬೇಡಿಕೊಳ್ಳುತ್ತೇವೆ. ಟಿ.ಸಿ. ಕೇಳುವುದಕ್ಕೆ ಬರುವ ಮೊದಲು ಕಷ್ಟವನ್ನು ಹೇಳುವುದಕ್ಕೆ ಬನ್ನಿರಿ. ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ನಿಮ್ಮ ಊರಿನಲ್ಲಿ ಇಂಥ ಮನೆಯೊಂದಿದ್ದರೆ, "ಏನಾದರೂ ಬೇಕಾದರೆ ಹೇಳು," ಎಂದು ಬಾಗಿಲಲ್ಲಿ ಹೇಳಿ ಹೊರಟುಹೋಗಬೇಡಿರಿ. ಕೇಳುವ ಶಕ್ತಿಯೂ ಅವರಲ್ಲಿ ಉಳಿದಿರುವುದಿಲ್ಲ. "ಗುರುವಾರ ಮಧ್ಯಾಹ್ನ ಎರಡು ಗಂಟೆಗೆ ಬರುತ್ತೇನೆ, ನೀನು ಮಲಗಿಕೋ," ಎಂದು ಹೇಳಿ, ಹೇಳಿದ ಹೊತ್ತಿಗೆ ಹೋಗಿರಿ. ಮೊದಲನೆಯ ತಿಂಗಳಲ್ಲಿ ಅಲ್ಲಿಗೆ ಹೋಗುವವರು ಬಹಳ ಮಂದಿ ಇದ್ದಾರೆ. ನೀವು ಮೂರನೆಯ ವರುಷದಲ್ಲಿ ಹೋಗಿರಿ. ಗಾಯಾಳುಗಳನ್ನೂ ಅವರನ್ನು ಹೊತ್ತವರನ್ನೂ ಕರ್ತನು ತನ್ನ ಕೃಪೆಯಲ್ಲಿ ಕಾಪಾಡಲಿ.